ಶುಕ್ರವಾರವೇ ಬಿದ್ದ ಸಹಿ

ಮ್ಯಾಟಿ ಹೆಸ್ಲಪ್ ಕೂತಿದ್ದನ್ನು ನೋಡಿದವರು ನಮ್ಮ ಬೀದಿಯಲ್ಲಿ ಕಡಿಮೆ. ಊರಿನ ಕಲ್ಲಿದ್ದಲು ಗಣಿ ನಡೆಯುತ್ತಿದ್ದಾಗಲೂ ಹಾಗೇ, ಗಣಿ ಮುಚ್ಚಿ ಅದರ ಮೇಲೆ ಹುಲ್ಲು ಬೆಳೆದ ಮೇಲೂ ಹಾಗೇ. ಟೀ ಕುಡಿಯುವುದು ನಿಂತೇ, ಪೇಪರ್ ಓದುವುದು ನಿಂತೇ. ಹೆಂಡತಿ ಇರೀನ್ ಇದ್ದಾಗ ರಾತ್ರಿ ಊಟಕ್ಕಾದರೂ ಗದರಿಸಿ ಕೂರಿಸುತ್ತಿದ್ದಳು. ಅವಳು ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅದೂ ಹೋಯಿತು. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಾರಿವಾಳದ ಗೂಡಿಗೆ, ಗೂಡಿನಿಂದ ಮತ್ತೆ ಅಡುಗೆಮನೆಗೆ. ಗೋಡೆಯಾಚೆ ಅವನ ಬೂಟಿನ ಸದ್ದು ಕೇಳಿಸದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ, ಕೇಳಿಸಿದರೆ ಸಿಟ್ಟು ಬರುತ್ತಿತ್ತು.

ನಾನು ಪಕ್ಕದ ಮನೆಯ ಥೆಲ್ಮಾ. ಊರಿನ ಕ್ಲಬ್ಬಿನಲ್ಲಿ ಬಿಯರ್ ಹಿಡಿದುಕೊಟ್ಟೇ ಮುದುಕಿಯಾದವಳು. ಗಂಡಸರು ಕುಡಿದು ಹೇಳುವ ಸುಳ್ಳನ್ನೂ ನಿಜವನ್ನೂ ಒಂದೇ ಮುಖ ಇಟ್ಟುಕೊಂಡು ಕೇಳುವ ಅಭ್ಯಾಸ ನನಗಿದೆ. ಮ್ಯಾಟಿಯ ವಿಷಯದಲ್ಲಿ ಮಾತ್ರ ಆ ಮುಖ ನನಗೆ ಕೈಕೊಟ್ಟಿತು.

ಒಂದು ಗುರುವಾರ ಸಂಜೆ ಅವನು ಬುಟ್ಟಿಯಲ್ಲಿ ಪಾರಿವಾಳ ತುಂಬಿಕೊಂಡು ಕ್ಲಬ್ಬಿಗೆ ಬಂದ. ಪಂದ್ಯದ ಹಕ್ಕಿಗಳನ್ನು ತಂದು ಗುರುತು ಹಾಕಿಸಿ, ದೂರ ಒಯ್ದು ಮನೆಯತ್ತ ಹಾರಿಬಿಡುವ ಲಾರಿಗೆ ಏರಿಸುವುದು ಶುಕ್ರವಾರ. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಅವನು ಖಾಲಿ ಹಜಾರದಲ್ಲಿ ಬುಟ್ಟಿ ಹಿಡಿದು ನಿಂತು, "ಎಲ್ಲಿ ಸತ್ರು ಎಲ್ರೂ?" ಅಂದ. ನಾನು ನಗಾಡಿದೆ. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದೆ. ಚಳಿಗಾಲ ಮುಗಿಯುವಷ್ಟರಲ್ಲಿ ಡಾಕ್ಟರಮ್ಮ ಅದಕ್ಕೊಂದು ಹೆಸರು ಹೇಳಿದಳು. ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ.

ಹಿತ್ತಲ ಗೋಡೆಯ ಮೇಲಿಂದ ಅವನು ನನಗೆ ಸುದ್ದಿ ಹೇಳಿದ್ದು ಹೀಗೆ: "ಒಂದೊಂದಾಗಿ ಎಲ್ಲಾ ಹೋಗುತ್ತಂತೆ ಕಣೇ."

"ಮೊದ್ಲು ನಿನ್ನ ಬಾಯಿ ಹೋಗ್ಲಿ, ಬೀದೀಗೆ ನೆಮ್ಮದಿ ಸಿಗುತ್ತೆ," ಅಂದೆ.

ಅವನು ನಕ್ಕ. ನಾನು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಬುದ್ಧಿ ನಿನ್ನದಾಗಿರುವಾಗಲೇ ಪವರ್ ಆಫ್ ಅಟಾರ್ನಿ ಮಾಡಿಸಿಡು ಅಂತ ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ಮುಂದೆ ನನ್ನ ತಲೆ ನನ್ನ ಮಾತು ಕೇಳದೇ ಹೋದರೆ ನನ್ನ ಪರವಾಗಿ ತೀರ್ಮಾನ ಮಾಡುವವರು ಇಂಥವರು ಅಂತ ಬರೆದುಕೊಡುವ ಪತ್ರ ಅದು. ಅದರಲ್ಲಿ ಎರಡು ಬಗೆ. ಮನೆ, ಬ್ಯಾಂಕು, ಪಿಂಚಣಿಯದು ಒಂದು. ಅದಕ್ಕೆ ಮ್ಯಾಟಿ ತನ್ನ ಮಗಳು ಲೊರೇನ್‌ಳ ಹೆಸರು ಬರೆದ, ಯಾರೂ ಚಕಾರ ಎತ್ತಲಿಲ್ಲ. ಇನ್ನೊಂದು ದೇಹದ್ದು. ಎಲ್ಲಿರಬೇಕು, ಯಾವ ಚಿಕಿತ್ಸೆ ಬೇಕು, ಕೊನೆಗೆ ಯಂತ್ರ ಹಾಕಿ ಉಸಿರಾಡಿಸುವ ಹೊತ್ತು ಬಂದರೆ ಮುಂದುವರಿಸಬೇಕೋ ನಿಲ್ಲಿಸಬೇಕೋ, ಎಲ್ಲವೂ ಅದರಲ್ಲಿ. ಆ ಪತ್ರಕ್ಕೆ ಅವನು ಬರೆದದ್ದು ಎರಿಕ್ ಬ್ರಾಸ್‌ನ ಹೆಸರು.

ಎರಿಕ್ ಅವನ ನೆಂಟನಲ್ಲ. ನೆಂಟನಾಗಿದ್ದರೆ ಇಷ್ಟೊಂದು ಜಗಳ ಆಡುತ್ತಿರಲಿಲ್ಲ. ಒಂದೇ ಗಣಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕಲ್ಲಿದ್ದಲು ಕೊರೆದವರು, ಮೇಲೆ ಬಂದ ಮೇಲೆ ಪಾರಿವಾಳದ ಪಂದ್ಯದಲ್ಲಿ ಒಬ್ಬರ ಕಾಲು ಒಬ್ಬರು ಎಳೆದವರು. ಒಮ್ಮೆ ಮ್ಯಾಟಿಯ ಹಕ್ಕಿ ಫ್ರಾನ್ಸಿನಿಂದ ಎಲ್ಲರಿಗಿಂತ ಮುಂಚೆ ಹಾರಿ ಬಂದು, ಗೆಲ್ಲಲು ಇಳಿಯಬೇಕಾದ ತನ್ನ ಗೂಡಿಗೆ ಇಳಿಯದೆ ಎರಿಕ್‌ನ ಛಾವಣಿಯ ಮೇಲೆ ಕೂತುಬಿಟ್ಟಿತು. ಎರಿಕ್ ಬೇಕಂತಲೇ ಹೆಣ್ಣು ಹಕ್ಕಿಯನ್ನು ಹೊರಗೆ ಬಿಟ್ಟಿದ್ದ ಅಂತ ಮ್ಯಾಟಿ, ನಿನ್ನ ಹಕ್ಕಿಗೂ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಎರಿಕ್. ಆ ಜಗಳವನ್ನು ನಾನು ಕೇಳಿದಷ್ಟು ಸಲ ಪಾದ್ರಿಯ ಉಪದೇಶವನ್ನೂ ಕೇಳಿಲ್ಲ.

ಆದರೆ ಊರಿನಲ್ಲಿ ಎರಿಕ್‌ಗೆ ಇನ್ನೊಂದು ಕೆಲಸವಿತ್ತು. ಗಿಡುಗ ಹೊಡೆದು ಹೊಟ್ಟೆ ಸೀಳಿದ ಹಕ್ಕಿ, ರೆಕ್ಕೆ ಮುರಿದು ನರಳುವ ಹಕ್ಕಿ ಸಿಕ್ಕರೆ ಎಲ್ಲರೂ ಅವನ ಬಳಿ ಒಯ್ಯುತ್ತಿದ್ದರು. ಅವನು ಬೆನ್ನು ತಿರುಗಿಸಿ ಒಂದೇ ಸಲಕ್ಕೆ ಕತ್ತು ಮುರಿದು ಮುಗಿಸುತ್ತಿದ್ದ. ಮ್ಯಾಟಿಯ ಕೈಲಿ ಅದು ಆಗುತ್ತಿರಲಿಲ್ಲ. ಅವನ ಹಕ್ಕಿಗಳೂ ಎರಿಕ್‌ನ ಕೈಗೇ ಹೋಗುತ್ತಿದ್ದವು, ಆ ಹೊತ್ತಿನಲ್ಲಿ ಮಾತ್ರ ಇಬ್ಬರೂ ಬೈದಾಡುತ್ತಿರಲಿಲ್ಲ.

ಹಾಗಾಗಿ ಎರಿಕ್‌ನ ಹೆಸರು ಕೇಳಿದ ಕೂಡಲೇ ನಮಗೆಲ್ಲ ಕಾರಣ ಗೊತ್ತಾಯಿತು ಅಂದುಕೊಂಡೆವು. ಲೊರೇನ್‌ಗೂ ಹಾಗೇ ಅನ್ನಿಸಿತು. ಅವಳು ಬಸ್ ಡ್ರೈವರ್. ಡರ್ಹಮ್ ನಗರದಿಂದ ಕಡಲತೀರದವರೆಗೆ ದಿನವೂ ಡಬ್ಬಲ್ ಡೆಕ್ಕರ್ ಓಡಿಸಿ, ಕುಡುಕರನ್ನು ಕಾಲರ್ ಹಿಡಿದು ಕೆಳಗಿಳಿಸುವ ಹೆಂಗಸು. ಯೂನಿಫಾರ್ಮಿನಲ್ಲೇ ಬಂದು ಅಪ್ಪನ ಅಡುಗೆಮನೆಯಲ್ಲಿ ನಿಂತಳು. ನಾನೂ ಅಲ್ಲೇ ಇದ್ದೆ.

"ನೀನೇನು ಪಾರಿವಾಳಾನಾ ಅಪ್ಪಾ? ಕತ್ತು ಮುರಿಯೋನ್ನ ಹುಡುಕ್ತಾ ಇದೀಯಾ?"

"ಎರಿಕ್‌ಗೆ ಕೈ ನಡುಗಲ್ಲ," ಅಂದ ಮ್ಯಾಟಿ. ಕೆಟಲ್ ಇಟ್ಟ, ಇಳಿಸಿದ, ಮತ್ತೆ ಇಟ್ಟ.

"ನನಗೆ ನಡುಗುತ್ತಾ? ಮಂಜಲ್ಲಿ ಐವತ್ತು ಜನಾನ ಕೂರಿಸ್ಕೊಂಡು ಬಸ್ ಓಡಿಸ್ತೀನಿ. ನಾನು ಒಬ್ಬಳೇ ಮಗಳು. ಊರೋರು ಏನಂತಾರೆ?"

"ಊರೋರು ಅಂತಾರೆ, ಆಮೇಲೆ ಮರೀತಾರೆ. ನಾನು ಮರೀತಾ ಇಲ್ವಾ?"

"ಥೆಲ್ಮಾ ಆಂಟಿ, ನೀವಾದ್ರೂ ಹೇಳಿ ಇವನಿಗೆ!"

ನಾನು ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಆ ಪತ್ರಕ್ಕೆ ಹೊರಗಿನವರೊಬ್ಬರ ಸಹಿ ಬೇಕು. ನೆಂಟರಾಗಿರಬಾರದು, ವರ್ಷಗಟ್ಟಲೆ ಬಲ್ಲವರಾಗಿರಬೇಕು. ಬರೆದುಕೊಡುವವನನ್ನು ಒಬ್ಬನೇ ಕೂರಿಸಿ ಮಾತಾಡಿಸಿ, ಇವನಿಗೆ ತಾನು ಮಾಡುತ್ತಿರುವುದು ಅರ್ಥವಾಗಿದೆ, ಯಾರ ಒತ್ತಾಯವೂ ಇಲ್ಲ ಅಂತ ಅವರು ಒಪ್ಪಬೇಕು. ಮ್ಯಾಟಿ ನನ್ನನ್ನು ಕೇಳಿದ್ದ. ನಾನು ಒಪ್ಪಿದ್ದೆ. ಇನ್ನು ನಾನು ಆ ಕಡೆ ಈ ಕಡೆ ಮಾತಾಡಿದರೆ ಆ ಸಹಿಗೆ ಬೆಲೆ ಏನು?

ಲೊರೇನ್ ಬಾಗಿಲು ದಢಾರನೆ ಹಾಕಿಕೊಂಡು ಹೋದಳು. ಎರಿಕ್ ಮಾತ್ರ ಕೇಳಿದ ಕೂಡಲೇ ಒಪ್ಪಿದ್ದ. "ಬುದ್ಧಿ ಇದ್ದಾಗ ನನ್ನ ಮಾತು ಕೇಳ್ಲಿಲ್ಲ, ಹೋದ್ಮೇಲಾದ್ರೂ ಕೇಳ್ತಾನೆ," ಅಂದನಂತೆ.

ಸಹಿಗೆ ಶನಿವಾರ ಅಂತ ನಿಗದಿಯಾಯಿತು, ಲೊರೇನ್‌ಗೆ ರಜೆ ಸಿಗುತ್ತಿದ್ದದ್ದು ಅವತ್ತೇ. ಸಿಟ್ಟಿದ್ದರೂ ಅವಳು ಬರುವವಳೇ. ಆದರೆ ಶನಿವಾರ ಫ್ರಾನ್ಸಿನಿಂದ ಹಕ್ಕಿ ಬಿಡುವ ದೊಡ್ಡ ಪಂದ್ಯ. ಪಂದ್ಯದ ದಿನ ಪಾರಿವಾಳದವನು ಗೂಡು ಬಿಟ್ಟು ಕದಲುವುದಿಲ್ಲ, ಸ್ವಂತ ಮದುವೆಯಿದ್ದರೂ ಅನುಮಾನ. ಅದಕ್ಕೆ ಎರಿಕ್ ಏನು ಮಾಡಿದ? ಹಿಂದಿನ ದಿನ ಸಂಜೆ, ಕ್ಲಬ್ಬಿನಲ್ಲಿ ಹಕ್ಕಿಗಳಿಗೆ ಗುರುತು ಹಾಕುವ ಮೇಜಿನ ಮೇಲೆಯೇ ಪತ್ರ ಹರಡಿ, ತನ್ನ ಜಾಗದಲ್ಲಿ ಸಹಿ ಹಾಕಿ, ಕ್ಲಬ್ಬಿನ ಕಾರ್ಯದರ್ಶಿಯ ಸಾಕ್ಷಿ ಹಾಕಿಸಿ, ಶುಕ್ರವಾರದ ತಾರೀಕು ಬರೆದು ಮ್ಯಾಟಿಗೆ ಕಳಿಸಿಕೊಟ್ಟ. ಬೇರೆ ಯಾರಾದರೂ ಆಗಿದ್ದರೆ ಶನಿವಾರದ್ದೇ ತಾರೀಕು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಪಾರಿವಾಳದವರು ಹಾಗೆ ಮಾಡುವವರಲ್ಲ. ಹಕ್ಕಿ ಬಂದ ಹೊತ್ತನ್ನು ಒಂದು ಗಳಿಗೆ ತಿದ್ದಿದವನನ್ನು ಊರು ಅವನು ಬದುಕಿರುವವರೆಗೂ ಕಳ್ಳ ಅನ್ನುತ್ತದೆ. ಇದ್ದ ಹೊತ್ತನ್ನೇ ಬರೆಯುವುದು ಅವರ ಕೈಗೆ ಅಂಟಿದ ಗುಣ.

ಶನಿವಾರ ಮ್ಯಾಟಿ ನನ್ನ ಜೊತೆ ಚೆನ್ನಾಗಿ ಮಾತಾಡಿದ. ಏನು, ಯಾಕೆ, ಬೇಡವಾದರೆ ಏನು ಮಾಡುತ್ತೀ ಅಂತೆಲ್ಲ ಕೇಳಿದ್ದಕ್ಕೆ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತವನ ಹಾಗೆ ಉತ್ತರ ಕೊಟ್ಟ. ಯಾಕೆ ಎರಿಕ್ ಅಂದದ್ದಕ್ಕೆ, "ಕೈ ನಡುಗಲ್ಲ," ಅಂತ ಅದೇ ಮಾತು. ಅವನು ಸಹಿ ಹಾಕಿದ, ನಾನು ಹಾಕಿದೆ, ಲೊರೇನ್ ಮುಖ ಊದಿಸಿಕೊಂಡೇ ಲಕೋಟೆಯನ್ನು ನೋಂದಣಿ ಕಚೇರಿಗೆ ಅಂಚೆಯಲ್ಲಿ ಕಳಿಸಿದಳು.

ಆಮೇಲೆ ಕಾಯುವುದು. ವಾರಗಟ್ಟಲೆ. ಆ ಬೇಸಿಗೆಯಲ್ಲಿ ನನಗೂ ಮ್ಯಾಟಿಯ ರೋಗ ಅಂಟಿದ ಹಾಗಾಗಿ, ಕೂತಲ್ಲಿ ಕೂರಲಾರದೆ ಹೋದೆ. ಯಾಕೆಂದರೆ ಅವನ ಬುದ್ಧಿ ದಿನದಿನಕ್ಕೆ ಇಳಿಯುತ್ತಿತ್ತು. ಒಂದು ದಿನ ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟ. ಇನ್ನೊಂದು ದಿನ ಮುಚ್ಚಿಹೋದ ಗಣಿಯ ಪಾಳಿಗೆ ಹೊರಟು, ಊರಾಚೆ ಹುಲ್ಲಿನ ನಡುವೆ ಗೇಟು ಹುಡುಕುತ್ತ ನಿಂತಿದ್ದ. ಎರಿಕ್ ಹೋಗಿ ಕರೆತಂದ. "ಇವತ್ತು ಗಣಿಗೆ ರಜೆ ಕಣೋ ದಡ್ಡಾ," ಅಂದನಂತೆ. ಹಕ್ಕಿಗಳನ್ನು ಕೂಡ ಎರಿಕ್‌ನ ಗೂಡಿಗೆ ಸಾಗಿಸಿದೆವು. ಖಾಲಿ ಗೂಡಿನ ಚಿಲಕವನ್ನು ಮ್ಯಾಟಿ ದಿನವೂ ಹೋಗಿ ಎಳೆದು ನೋಡುತ್ತಿದ್ದ.

ಎಲೆ ಉದುರುವ ಹೊತ್ತಿಗೆ ಎರಿಕ್ ಹೆಸರಿನ ಪತ್ರ ಬಂತು. ನೋಂದಣಿಯಾಗಿ ಅಲ್ಲ, ವಾಪಸ್ಸು. ಮೊದಲು ಬರೆದುಕೊಡುವವರು, ಆಮೇಲೆ ಮಾತಾಡಿಸಿ ಒಪ್ಪಿದವರು, ಕೊನೆಗೆ ಅಧಿಕಾರ ಪಡೆಯುವವರು, ಹೀಗೆ ಸಹಿಗಳು ಬೀಳಬೇಕಂತೆ. ಇಲ್ಲಿ ಕೊನೆಯವನ ಸಹಿ ಎಲ್ಲರಿಗಿಂತ ಮುಂಚಿನ ದಿನ ಬಿದ್ದಿದೆ, ಒಪ್ಪುವಂತಿಲ್ಲ, ಹೊಸದಾಗಿ ಮಾಡಿ ಕಳಿಸಿ. ಕಚೇರಿಯದು ತಪ್ಪಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು, ಬೈಯಲು ಯಾರೂ ಸಿಗಲಿಲ್ಲ.

ಲೊರೇನ್ ಆ ಕಾಗದ ಹಿಡಿದು ನನ್ನ ಅಡುಗೆಮನೆಗೆ ಬಂದಳು.

"ಆಂಟಿ, ಇದನ್ನ ಹಿಂಗೇ ಬಿಟ್ಬಿಟ್ರೆ?"

ಅವಳ ಮಾತು ನನಗೆ ಅರ್ಥವಾಯಿತು. ಪತ್ರ ಇಲ್ಲದಿದ್ದರೆ ನಾಳೆ ಡಾಕ್ಟರುಗಳು ಬಂದು ಮಾತಾಡುವುದು ಮಗಳ ಹತ್ತಿರವೇ. ಎರಿಕ್ ಯಾರೋ ಹೊರಗಿನವನಾಗುತ್ತಾನೆ. ಮ್ಯಾಟಿಗೆ ಪತ್ರದ ನೆನಪೇ ಇರಲಿಲ್ಲ.

"ಬಿಡು. ಯಾರು ಕೇಳ್ತಾರೆ?" ಅಂದೆ. ನಿಜಕ್ಕೂ ಹಾಗೇ ಅಂದೆ, ಪರೀಕ್ಷೆ ಮಾಡಲು ಅಲ್ಲ. ನನಗೂ ಸಾಕಾಗಿತ್ತು.

ಅವಳು ಕಾಗದ ಮಡಿಸಿದಳು, ಬಿಡಿಸಿದಳು. "ಇಲ್ಲ. ಬುದ್ಧಿ ನೆಟ್ಟಗಿದ್ದಾಗ ನನ್ನ ಮುಖಕ್ಕೇ ಹೇಳಿದಾನೆ ನೀನು ಬೇಡ ಅಂತ. ಈಗ ಮರೆತ ಅಂತ ನಾನು ಜಾಗ ಹಿಡ್ಕೊಂಡ್ರೆ ಅದು ಕಳ್ಳತನ ಆಗುತ್ತೆ." ಕಣ್ಣು ಒರೆಸಿಕೊಂಡು ಸೇರಿಸಿದಳು, "ಆದ್ರೆ ಈಗ ಅವನಿಗೆ ಅರ್ಥ ಆಗುತ್ತಾ? ನೀವು ಸಹಿ ಹಾಕ್ತೀರಾ?"

"ಅರ್ಥ ಆದ್ರೆ ಹಾಕ್ತೀನಿ. ಆಗ್ದೇ ಇದ್ರೆ ಹಾಕಲ್ಲ ಲೊರೇನ್. ಎಷ್ಟೇ ಅತ್ರೂ ಹಾಕಲ್ಲ."

ಹೊಸ ಪತ್ರವನ್ನು ಅವಳೇ ತರಿಸಿ ಎರಿಕ್‌ನ ಹೆಸರನ್ನು ತನ್ನ ಕೈಯಾರೆ ತುಂಬಿದಳು. ಈ ಸಲ ಒಂದು ಮಂಗಳವಾರ ಬೆಳಿಗ್ಗೆ. ಎರಿಕ್ ಅಂತ್ಯಕ್ರಿಯೆಗಳಿಗೆ ಮಾತ್ರ ಹಾಕುವ ಕರಿ ಕೋಟು ಹಾಕಿಕೊಂಡು ಬಂದ. ಅದನ್ನು ನೋಡಿ ನನ್ನ ಮೈ ಉರಿಯಿತು. "ಇನ್ನೂ ಸತ್ತಿಲ್ಲ ಅವನು, ಬಿಚ್ಚಿ ಬಾ!" ಅಂದೆ. ಅವನು ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡ. ಅವನನ್ನೂ ಲೊರೇನ್‌ಳನ್ನೂ ಹಿತ್ತಲಿಗೆ ಕಳಿಸಿ ಬಾಗಿಲು ಹಾಕಿದೆ.

ಮ್ಯಾಟಿ ಕಿಟಕಿಗೆ ಹೋದ, ಒಲೆಗೆ ಬಂದ, ಕಿಟಕಿಗೆ ಹೋದ.

"ಮ್ಯಾಟಿ, ಮೇಜಿನ ಮೇಲಿರೋದು ಏನು ಪತ್ರ?"

ಅವನು ನಿಂತು ನೋಡಿದ. ತುಟಿಗಳು ಅಲ್ಲಾಡಿದವು. "ಟೀವಿ ಲೈಸೆನ್ಸು," ಅಂದ, ವರ್ಷಕ್ಕೊಮ್ಮೆ ಟೀವಿಗೆ ದುಡ್ಡು ಕಟ್ಟುವ ಕಾಗದ ಅದು ಅನ್ನುವ ಹಾಗೆ.

ಪೆನ್ನನ್ನು ಚೀಲದೊಳಗೆ ಹಾಕಿದೆ. ಹಿತ್ತಲಿನಲ್ಲಿ ಲೊರೇನ್ ತೋಳು ಕಟ್ಟಿಕೊಂಡು ನಿಂತಿದ್ದು ಕಾಣುತ್ತಿತ್ತು. ಅವಳಿಗೆ ಹೇಗೆ ಹೇಳುವುದು? ಪಾಪ, ಅವಳಿಗೆ ಬೇಕಾದದ್ದೇ ಆಗುತ್ತಿತ್ತು, ಆದರೂ ಹೇಗೆ ಹೇಳುವುದು? ಪೆನ್ನನ್ನು ಮತ್ತೆ ಹೊರತೆಗೆದೆ. ಕಾಗದವನ್ನು ಪಕ್ಕಕ್ಕೆ ಸರಿಸಿ, ಕ್ಲಬ್ಬಿನಲ್ಲಿ ಮಾತಾಡುವ ಹಾಗೆ ಮಾತಾಡಿದೆ.

"ಕೇಳು ಇಲ್ಲಿ. ನಾಳೆ ನೀನು ಆಸ್ಪತ್ರೇಲಿ ಬಿದ್ಕೊಂಡಿರ್ತೀಯ. ಬಾಯಿ ಇಲ್ಲ, ಬುದ್ಧಿ ಇಲ್ಲ. ನಿನ್ನ ಪರವಾಗಿ ಯಾರು ಮಾತಾಡ್ಬೇಕು?"

ಅವನು ನಡೆಯುವುದನ್ನು ನಿಲ್ಲಿಸಿದ. "ಎರಿಕ್."

"ಏನು ಮಾತಾಡ್ಬೇಕು?"

"ಯಂತ್ರ ಇಟ್ಕೊಳ್ಳೋದೋ, ತೆಗೆಯೋದೋ. ಅದಕ್ಕೇ ಅಲ್ವಾ ಈ ಕಾಗದ? ಡಾಕ್ಟರಮ್ಮ ಹೇಳಿದ್ದು." ಈಗ ಅವನು ಕಾಗದವನ್ನು ಬೆರಳಿಂದ ಕುಟ್ಟಿದ. ಟೀವಿ ಲೈಸೆನ್ಸು ಎಲ್ಲಿ ಹೋಯಿತೋ ಏನೋ.

"ಎರಿಕ್ ಬೇಡ ಅನ್ನಿಸಿದ್ರೆ?"

"ಹರಿದು ಹಾಕ್ತೀನಿ, ಬುದ್ಧಿ ಇರೋವರ್ಗೂ. ಬುದ್ಧಿ ಹೋದ್ಮೇಲೆ ಹರಿಯೋಕಾಗಲ್ಲ."

"ಯಾರಾದ್ರೂ ಹೇಳಿಕೊಟ್ರಾ? ಎರಿಕ್ ಬಲವಂತ ಮಾಡಿದ್ನಾ?"

"ಎರಿಕ್‌ಗೆ ತನ್ನ ಷೂ ಲೇಸು ಕಟ್ಟೋಕೆ ಬರಲ್ಲ, ನನಗೇನು ಬಲವಂತ ಮಾಡ್ತಾನೆ?"

ನನಗೆ ಸಾಕಿತ್ತು. ಸಹಿ ಹಾಕಬಹುದಿತ್ತು. ಆದರೂ ಬಾಯಿ ತಡೆಯಲಿಲ್ಲ. "ಲೊರೇನ್ ಯಾಕೆ ಬೇಡ ಮ್ಯಾಟಿ? ಕೈ ನಡುಗುತ್ತೆ ಅಂತ ಮಾತ್ರ ಹೇಳ್ಬೇಡ. ಅವಳ ಕೈ ನಡುಗಲ್ಲ."

"ಗೊತ್ತು," ಅಂದ. ಕಿಟಕಿಯಾಚೆ ಮಗಳನ್ನು ನೋಡುತ್ತಲೇ ಹೇಳಿದ. "ಇರೀನ್ ಯಂತ್ರದ ಮೇಲಿದ್ಲಲ್ಲ. ಲೊರೇನ್ ಕೆಳಗೆ ಟೀ ತರೋಕೆ ಹೋಗಿದ್ಲು. ಡಾಕ್ಟರು ನನ್ನ ಪಕ್ಕಕ್ಕೆ ಕರೆದು ಕೇಳಿದ್ರು. ನಾನು, ಸಾಕು ತೆಗೀರಿ, ಅಂದೆ. ಅವಳು ಮೇಲೆ ಬರೋಷ್ಟರಲ್ಲಿ ಮುಗಿದಿತ್ತು. ನಿಮ್ಮಮ್ಮ ತಾನಾಗೇ ಹೋದ್ಲು ಅಂದೆ. ಊರಿಗೂ ಹಂಗೇ ಅಂದೆ."

ನನಗೂ ಹಾಗೇ ಹೇಳಿದ್ದ. ನಾನು ನಂಬಿದ್ದೆ.

"ತಪ್ಪು ಮಾಡ್ಲಿಲ್ಲ ಥೆಲ್ಮಾ, ಸರಿಯಾದ ಮಾತೇ ಅದು. ಆದ್ರೂ ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ಮತ್ತೆ ಹೇಳ್ತೀನಿ, ಸಾಕು ತೆಗೀರಿ. ಕೂತ್ರೆ ಜೋರಾಗಿ ಕೇಳ್ಸುತ್ತೆ. ಎಲ್ಲಾ ಮರೀತಿದೀನಿ, ಇದೊಂದು ಹೋಗ್ತಾ ಇಲ್ಲ ನೋಡು. ನನ್ನ ಮಗಳ ತಲೇಲಿ ಇದು ಕೂರೋದು ಬೇಡ. ಎರಿಕ್ ಆದ್ರೆ ಹೇಳಿ, ಮನೆಗೆ ಹೋಗಿ, ನನ್ನ ನಾಕು ಬೈದು ಮಲ್ಕೋತಾನೆ."

ನಾನು ಕಾಗದವನ್ನು ಅವನ ಮುಂದಕ್ಕೆ ಸರಿಸಿದೆ.

"ಅವಳಿಗೆ ಹೇಳ್ಬೇಡ. ನಾನು ಹೋಗೋವರ್ಗೂ ಹೇಳ್ಬೇಡ," ಅಂದ.

ಅವನು ತನ್ನ ಸಹಿಗಳನ್ನು ಹಾಕಿದ, ನಿಂತೇ. ನಾನು ಸಾಕ್ಷಿ ಹಾಕಿ, ಆಮೇಲೆ ನನ್ನ ಜಾಗದಲ್ಲಿ ಸಹಿ ಹಾಕಿದೆ. ನನ್ನ ಜೀವನದಲ್ಲಿ ಯಾವ ಸಹಿಯನ್ನೂ ಅಷ್ಟು ಧೈರ್ಯದಿಂದ ಹಾಕಿಲ್ಲ. ಬಾಗಿಲು ತೆಗೆದಾಗ ಲೊರೇನ್ ಹೊಸ್ತಿಲಲ್ಲೇ ಇದ್ದಳು.

"ಅರ್ಥ ಆಯ್ತಾ ಅವನಿಗೆ?"

"ನನಗಿಂತ ಚೆನ್ನಾಗಿ ಅರ್ಥ ಆಗಿದೆ. ಸಹಿ ಹಾಕಿದೆ."

"ನಾನ್ಯಾಕೆ ಬೇಡ ಅಂತ ಹೇಳಿದ್ನಾ?"

ಹೇಳಿಬಿಡಬೇಕು ಅಂತ ನಾಲಿಗೆ ತುದಿಗೆ ಬಂತು. ಅಷ್ಟು ತಿಂಗಳು ಅವಳು ನುಂಗಿದ ಅವಮಾನ ನನಗೆ ಗೊತ್ತಿತ್ತು. ಅವನ ಮೇಲೆ ಸಿಟ್ಟೂ ಬಂತು, ಈ ಭಾರವನ್ನು ನನ್ನ ಮೇಲೆ ಹೊರಿಸಿದನಲ್ಲ ಅಂತ. "ನಿನ್ನ ಮನಸ್ಸು ಮೆತ್ತಗೆ ಅಂದ," ಅಂದೆ.

ಅವಳು ತಲೆಯಾಡಿಸಿದಳು. ಆ ಮಾತು ಅವಳಿಗೆ ತಾಗಿದ್ದು ನನಗೆ ಕಂಡಿತು. ಒಳಗೆ ಬಂದು, ಅಷ್ಟರಲ್ಲಾಗಲೇ ಹಿತ್ತಲಿನಿಂದ ಬಂದು ಮೇಜಿನ ಮುಂದೆ ಪೆನ್ನು ಹಿಡಿದು ನಿಂತಿದ್ದ ಎರಿಕ್‌ನ ಎದುರಿಗೆ ಹೋದಳು.

"ಎರಿಕ್ ಮಾಮ, ಆ ದಿನ ಬಂದಾಗ ಹೇಳೋದೇನಿದ್ರೂ ನೀವೇ ಹೇಳಿ. ನಾನು ಅಡ್ಡ ಬರಲ್ಲ. ಆದ್ರೆ ಅಪ್ಪನ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂರೋಳು ನಾನು. ಅದಕ್ಕೆ ನನಗೆ ಯಾರ ಸಹೀನೂ ಬೇಡ."

ಎರಿಕ್ ಪೆನ್ನು ಕೆಳಗಿಟ್ಟ. ಅವನ ಬಾಯಿಂದ ಬೈಗುಳವಲ್ಲದ ಮಾತು ಬರಲು ಹೊತ್ತು ಹಿಡಿಯಿತು. "ಅಲ್ಲಿ ನೀನು ಬರೀ ಮಗಳಾಗಿರ್ಬೇಕು ಅಂತಾನೇ ನಾನು ಒಪ್ಕೊಂಡಿದ್ದು ಕಣಮ್ಮಾ," ಅಂದ. ಅವನಿಗೆ ಎಷ್ಟು ಗೊತ್ತಿತ್ತೋ ನಾನು ಎಂದೂ ಕೇಳಲಿಲ್ಲ. ಪೆನ್ನೆತ್ತಿ ಸಹಿ ಹಾಕಿದ. ಅವನ ಕೈ ನಡುಗಿತು.

ಮ್ಯಾಟಿ ನಮ್ಮ ಮೂವರನ್ನೂ ನೋಡಿದ. ಅವನ ನೆನಪಿನಿಂದ ಆ ಬೆಳಗು ಆಗಲೇ ಜಾರಿಹೋಗಿತ್ತು. "ಯಾಕೆ ಎಲ್ರೂ ಅಳ್ತಾ ಇದೀರಾ? ಯಾರಿಗೆ ಏನಾಯ್ತು?" ಅಂದ.

"ಯಾರಿಗೂ ಏನಿಲ್ಲಪ್ಪಾ. ಬಾ, ಒಂದು ಸುತ್ತು ಹೋಗಿ ಬರೋಣ," ಅಂತ ಲೊರೇನ್ ಅವನ ಕೈ ಹಿಡಿದುಕೊಂಡು ಹಿಂದಿನ ಓಣಿಗೆ ಹೊರಟಳು. ಎರಿಕ್‌ನ ಸಹಿಗೆ ನಾನು ಸಾಕ್ಷಿ ಹಾಕಬೇಕಿತ್ತು. ಕಣ್ಣು ಮಂಜಾಗಿ ಗೆರೆ ಕಾಣಿಸಲಿಲ್ಲ. ಅವನೇ ಬೆರಳಿಟ್ಟು ತೋರಿಸಿದ.